ಎಪ್ಪತ್ತು ಲೀಟರಿನ ಲೆಕ್ಕ

1883ರಲ್ಲಿ ಬ್ರೆಸ್ಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರುಡಾಲ್ಫ್ ಹೈಡೆನ್‌ಹೈನ್ ಒಂದು ಲೆಕ್ಕವನ್ನು ವಿದ್ವಾಂಸರ ಮುಂದಿಟ್ಟ. ಮನುಷ್ಯನ ಮೂತ್ರದಲ್ಲಿ ದಿನಕ್ಕೆ ಹೆಚ್ಚುಕಡಿಮೆ 35 ಗ್ರಾಂ ಯೂರಿಯಾ ಹೋಗುತ್ತದೆ. ರಕ್ತದಲ್ಲಿರುವ ಯೂರಿಯಾ ನೂರಕ್ಕೆ 0.05 ಪಾಲು ಮಾತ್ರ. ರಕ್ತವನ್ನು ಸೋಸಿಯೇ ಮೂತ್ರಪಿಂಡ ಅಷ್ಟು ಯೂರಿಯಾವನ್ನು ತೆಗೆಯುವುದಾದರೆ ದಿನಕ್ಕೆ 70 ಲೀಟರ್ ದ್ರವ ಸೋಸಬೇಕು. ಹೊರಗೆ ಬರುವ ಮೂತ್ರವೋ ಒಂದೂವರೆ, ಎರಡು ಲೀಟರ್. ಉಳಿದ 68 ಲೀಟರನ್ನು ರಕ್ತವೇ ಮತ್ತೆ ಹೀರಿಕೊಂಡಿತು ಎನ್ನಬೇಕು. ಮೈಯಲ್ಲಿರುವ ಒಟ್ಟು ರಕ್ತವೇ ಐದು ಲೀಟರ್ ಇರುವಾಗ ಇದು ನಂಬುವ ಮಾತೇ? ಹೈಡೆನ್‌ಹೈನ್ ನಂಬಲಿಲ್ಲ. ಅವನ ಕಾಲದ ಅನೇಕ ಶರೀರಶಾಸ್ತ್ರಜ್ಞರೂ ನಂಬಲಿಲ್ಲ.

ಲೆಕ್ಕ ಸರಿಯಾಗಿಯೇ ಇತ್ತು. ಬಂದ ಉತ್ತರ ನಂಬಲಾಗದ್ದೆಂದು ಬದಿಗೆ ಸರಿಸಿದ ತೀರ್ಮಾನ ಮಾತ್ರ ಮುಂದಿನ ನಲವತ್ತು ವರ್ಷ ಈ ವಿದ್ಯೆಯನ್ನು ಕಟ್ಟಿಹಾಕಿತು. ಹೀಗೆಂದು ಹೈಡೆನ್‌ಹೈನ್‌ನನ್ನು ಹಳಿಯುವಂತಿಲ್ಲ. ಅವನ ಪ್ರಯೋಗಗಳು ಇನ್ನೊಂದು ದೊಡ್ಡ ಸತ್ಯವನ್ನು ಹಿಡಿದಿದ್ದವು. ಮೂತ್ರಪಿಂಡದ ಸೂಕ್ಷ್ಮನಾಳಗಳ ಕಥೆ ನನ್ನನ್ನು ಸೆಳೆಯುವುದು ಈ ಕಾರಣಕ್ಕೇ: ಎಂಬತ್ತು ವರ್ಷ ವಾದ ಮಾಡಿದ ಎರಡು ಪಕ್ಷಗಳೂ ತಾವು ಕಂಡದ್ದರಲ್ಲಿ ಸರಿಯಾಗಿದ್ದವು, ಎದುರಿನವರು ಕಂಡದ್ದನ್ನು ಅಲ್ಲಗಳೆದದ್ದರಲ್ಲಿ ತಪ್ಪಿದ್ದವು.

ವಾದ ಹುಟ್ಟಿದ್ದು 1842ರಲ್ಲಿ. ಅದಕ್ಕೆ ಬೇಕಾದ ಅಂಗರಚನೆಯ ಚೂರುಪಾರು ತಿಳಿವಳಿಕೆ ಹಿಂದಿನದು. ಇಟಲಿಯ ಲೊರೆಂಜೊ ಬೆಲ್ಲಿನಿ 1662ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗನಾಗಿದ್ದಾಗ, ಮೂತ್ರಪಿಂಡ ಗಟ್ಟಿ ಮಾಂಸದ ಮುದ್ದೆಯಲ್ಲ, ಕೂದಲೆಳೆಯಂಥ ನಾಳಗಳ ಕಟ್ಟು ಎಂದು ತೋರಿಸಿದ್ದ. ನಾಲ್ಕು ವರ್ಷದ ಬಳಿಕ ಮಾರ್ಚೆಲ್ಲೊ ಮಾಲ್ಪಿಗಿ ಆ ಕಟ್ಟಿನ ನಡುವೆ ರಕ್ತನಾಳಗಳಿಗೆ ಅಂಟಿಕೊಂಡ ಸಣ್ಣ ಸಣ್ಣ ಕಾಳುಗಳನ್ನು ಕಂಡ. ಕಾಳಿಗೂ ನಾಳಕ್ಕೂ ಏನು ಸಂಬಂಧ ಎಂಬುದು ಮುಂದೆ ಪೂರಾ 176 ವರ್ಷ ಯಾರಿಗೂ ಖಚಿತವಾಗಲಿಲ್ಲ.

ಅದನ್ನು ಖಚಿತಪಡಿಸಿದವನು ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಲಿಯಂ ಬೌಮನ್. ಅಪಧಮನಿಯೊಳಗೆ ಬಣ್ಣದ ದ್ರವ ಹೊಗಿಸಿ ಮೂತ್ರಪಿಂಡದ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಮಾಲ್ಪಿಗಿಯ ಕಾಳು ಎಂದರೆ ನೂಲಿನ ಉಂಡೆಯಂತೆ ಸುತ್ತಿಕೊಂಡ ಲೋಮನಾಳಗಳ ಗೊಂಚಲು. ಇಂದು ಅದನ್ನು ಗ್ಲಾಮರುಲಸ್ ಎನ್ನುತ್ತೇವೆ. ಅದರ ಸುತ್ತ ಒಂದು ತೆಳುವಾದ ಬಟ್ಟಲು. ಆ ಬಟ್ಟಲೇ ಕಿರಿದಾಗುತ್ತ ಮುಂದುವರಿದು ನಾಳವಾಗುತ್ತದೆ. ಕಾಳೂ ನಾಳವೂ ಒಂದೇ ರಚನೆಯ ಎರಡು ತುದಿಗಳು. 1842ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಬೌಮನ್ ರಚನೆಯ ಜೊತೆಗೆ ಕೆಲಸವನ್ನೂ ಊಹಿಸಿದ. ಗೊಂಚಲಿನಿಂದ ನೀರು ಜಿನುಗುತ್ತದೆ; ಯೂರಿಯಾ, ಯೂರಿಕ್ ಆಮ್ಲ ಮುಂತಾದ ಘನ ಪದಾರ್ಥಗಳನ್ನು ನಾಳದ ಗೋಡೆಯ ಜೀವಕೋಶಗಳು ರಕ್ತದಿಂದ ಹೆಕ್ಕಿ ಒಳಗೆ ಸ್ರವಿಸುತ್ತವೆ; ಮೇಲಿಂದ ಬರುವ ನೀರು ಅವನ್ನು ತೊಳೆದುಕೊಂಡು ಹೋಗುತ್ತದೆ. ನಾಳದ ಜೀವಕೋಶಗಳು ದಪ್ಪನಾಗಿ, ಬೇರೆ ಗ್ರಂಥಿಗಳ ಕೋಶಗಳ ಹಾಗೇ ಕಂಡದ್ದು ಅವನ ಊಹೆಗೆ ಆಧಾರ.

ಅದೇ ವರ್ಷ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕಾರ್ಲ್ ಲುಡ್‌ವಿಗ್ ಅಧ್ಯಾಪಕ ಪದವಿಗಾಗಿ ಬರೆದ ಪ್ರಬಂಧ ಸಂಪೂರ್ಣ ಬೇರೆ ಉತ್ತರ ಕೊಟ್ಟಿತು. ಲುಡ್‌ವಿಗ್ ಮತ್ತು ಬೌಮನ್ ಇಬ್ಬರೂ 1816ರಲ್ಲಿ ಹುಟ್ಟಿದವರು. ಲುಡ್‌ವಿಗ್‌ನಿಗೆ ಜೀವಕೋಶದ ಗೂಢ ಶಕ್ತಿಯ ಮೇಲೆ ಭಾರ ಹಾಕಿ ಸುಮ್ಮನಾಗುವುದು ಸರಿಬರುತ್ತಿರಲಿಲ್ಲ. ದೇಹದ ಕೆಲಸವೆಲ್ಲ ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಒಳಪಟ್ಟದ್ದು ಎಂಬ ಹಟ ಅವನದು. ಗೊಂಚಲಿಗೆ ರಕ್ತ ಒತ್ತಡದಿಂದ ನುಗ್ಗುತ್ತದೆ. ಆ ಒತ್ತಡಕ್ಕೆ ರಕ್ತದ ನೀರೂ ಅದರಲ್ಲಿ ಕರಗಿದ ಉಪ್ಪು, ಸಕ್ಕರೆ, ಯೂರಿಯಾಗಳೂ ಸೋಸಿ ಬಟ್ಟಲಿಗೆ ಬೀಳುತ್ತವೆ. ರಕ್ತಕಣ, ಪ್ರೋಟೀನು, ಕೊಬ್ಬು ಮಾತ್ರ ಹಿಂದೆ ಉಳಿಯುತ್ತವೆ. ನೀರು ಬಿಟ್ಟುಕೊಟ್ಟು ಗಟ್ಟಿಯಾದ ರಕ್ತ ಮುಂದೆ ನಾಳದ ಪಕ್ಕದಲ್ಲೇ ಹರಿಯುವಾಗ ಆಸ್ಮಾಸಿಸ್‌ನಿಂದ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಉಳಿದದ್ದೇ ಮೂತ್ರ. ಒಂದು ಕಡೆ ಸೋಸುವಿಕೆ, ಇನ್ನೊಂದು ಕಡೆ ಮರುಹೀರಿಕೆ. ಸ್ರವಿಕೆಗೆ ಅಲ್ಲಿ ಜಾಗವೇ ಇಲ್ಲ.

ಲುಡ್‌ವಿಗ್‌ನ ವಾದದ ಸೊಬಗು ಎಷ್ಟೋ, ಅದರ ತೂತೂ ಅಷ್ಟೇ ದೊಡ್ಡದು. ರಕ್ತಕ್ಕಿಂತ ಎಷ್ಟೋ ಪಟ್ಟು ಗಾಢವಾದ ಮೂತ್ರ ಬರಿಯ ಆಸ್ಮಾಸಿಸ್‌ನಿಂದ ತಯಾರಾಗಲಾರದು. ನೀರು ತೆಳು ದ್ರವದಿಂದ ಗಾಢ ದ್ರವದ ಕಡೆಗೆ ಹರಿಯಬೇಕೇ ಹೊರತು ಅದರ ವಿರುದ್ಧವಲ್ಲ. ಹೈಡೆನ್‌ಹೈನ್ ಏಟು ಕೊಟ್ಟದ್ದು ಸ್ರವಿಕೆಗೆ ಜಾಗವೇ ಇಲ್ಲ ಎಂಬ ಇನ್ನೊಂದು ಮಾತಿಗೆ.

1874ರಲ್ಲಿ ಪ್ರಕಟವಾದ ಅವನ ಪ್ರಯೋಗ ಇವತ್ತಿಗೂ ಓದಲು ಖುಷಿ ಕೊಡುತ್ತದೆ. ಮೊಲದ ಬೆನ್ನುಹುರಿ ಕತ್ತರಿಸಿ ರಕ್ತದ ಒತ್ತಡ ಕುಸಿಯುವಂತೆ ಮಾಡಿದ. ಗೊಂಚಲಿನಲ್ಲಿ ಸೋಸುವಿಕೆ ನಿಂತುಹೋಯಿತು, ಮೂತ್ರ ಹನಿಯುವುದೂ ನಿಂತಿತು. ಆಮೇಲೆ ರಕ್ತಕ್ಕೆ ಇಂಡಿಗೋ ಜಾತಿಯ ನೀಲಿ ಬಣ್ಣ ಸೇರಿಸಿದ. ಸ್ವಲ್ಪ ಹೊತ್ತಿನ ಬಳಿಕ ಮೂತ್ರಪಿಂಡ ಕತ್ತರಿಸಿ ನೋಡಿದರೆ ಬೌಮನ್ನನ ಬಟ್ಟಲುಗಳಲ್ಲಿ ಬಣ್ಣದ ಸುಳಿವಿಲ್ಲ; ನಾಳದ ಜೀವಕೋಶಗಳು ಮಾತ್ರ ನೀಲಿಯಾಗಿವೆ, ನಾಳದ ಒಳಗೂ ನೀಲಿ ಕಣಗಳು ಬಂದು ಕೂತಿವೆ. ಸೋಸುವಿಕೆಯ ಹಂಗಿಲ್ಲದೆಯೇ ಜೀವಕೋಶಗಳು ರಕ್ತದಿಂದ ಬಣ್ಣವನ್ನು ಹಿಡಿದು ಒಳಗೆ ಸಾಗಿಸಿದ್ದವು. ಬೌಮನ್ನನ ಊಹೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಒಂಬತ್ತು ವರ್ಷದ ನಂತರ 70 ಲೀಟರಿನ ಲೆಕ್ಕವೂ ಬಂದಾಗ ಲುಡ್‌ವಿಗ್‌ನ ಪಕ್ಷ ಸೊರಗಿತು.

ಮರಳಿ ಅದಕ್ಕೆ ಜೀವ ಬಂದದ್ದು 1917ರಲ್ಲಿ. ಬ್ರಿಟನ್ನಿನ ಔಷಧಶಾಸ್ತ್ರಜ್ಞ ಆರ್ಥರ್ ಕುಶ್ನಿ ಮೂತ್ರ ಸ್ರವಿಕೆಯ ಕುರಿತು ಬರೆದ ಪುಸ್ತಕದಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿ, ಗೊಂಚಲು ಸೋಸುತ್ತದೆ, ನಾಳ ಮರುಹೀರುತ್ತದೆ, ಇಷ್ಟರಲ್ಲೇ ಎಲ್ಲವನ್ನೂ ವಿವರಿಸಬಹುದು ಎಂದು ಸಾರಿದ. ದೇಹಕ್ಕೆ ಸದಾ ಬೇಕಾಗುವ ಒಂದು ಆದರ್ಶ ದ್ರವವನ್ನೇ ನಾಳ ಹಿಂದಕ್ಕೆ ಪಡೆಯುತ್ತದೆ, ಅದರಲ್ಲಿ ಸೇರದ್ದೆಲ್ಲ ಹೊರಕ್ಕೆ ಹೋಗುತ್ತದೆ ಎಂಬುದು ಅವನ ಕಲ್ಪನೆ. ಸ್ರವಿಕೆ ಎನ್ನುವವರು ಜೀವಕೋಶಕ್ಕೆ ಅಲೌಕಿಕ ಶಕ್ತಿ ಹೊರಿಸುತ್ತಿದ್ದಾರೆ ಎಂಬ ಟೀಕೆ ಅವನದು. ಇಲ್ಲಿ ಕುಶ್ನಿ ಅನ್ಯಾಯ ಮಾಡಿದ ಎಂದೇ ನನಗೆ ಅನಿಸುತ್ತದೆ. ಹೈಡೆನ್‌ಹೈನ್ ಹೇಳಿದ್ದು ಕೋಶಗಳು ದುಡಿಯುತ್ತವೆ ಎಂದು. ಆ ದುಡಿಮೆ ರಾಸಾಯನಿಕವೇ ಎಂದು ತಿಳಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು, ಅಷ್ಟೆ.

ಈ ಹಂತದಲ್ಲಿ ಎರಡೂ ಕಡೆಯ ಸಾಕ್ಷ್ಯ ಒಂದೇ ಬಗೆಯದು. ಒಳಗೆ ಹೋದದ್ದೇನು, ಹೊರಗೆ ಬಂದದ್ದೇನು ಎಂದು ನೋಡಿ ನಡುವಿನದನ್ನು ಊಹಿಸುವುದು. ಬಟ್ಟಲಿನಲ್ಲಿ ನಿಜಕ್ಕೂ ಏನಿದೆ ಎಂದು ಇಣುಕಿ ನೋಡಿದವರೇ ಇರಲಿಲ್ಲ. ಇಣುಕುವುದಾದರೂ ಹೇಗೆ? ಬಟ್ಟಲಿನ ಅಗಲ ಮಿಲಿಮೀಟರಿನ ಸಣ್ಣ ಅಂಶ.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆಲ್ಫ್ರೆಡ್ ನ್ಯೂಟನ್ ರಿಚರ್ಡ್ಸ್ ಎಂಬ ಔಷಧಶಾಸ್ತ್ರಜ್ಞ ಕಪ್ಪೆಯ ಮೂತ್ರಪಿಂಡಕ್ಕೆ ಬೆಳಕು ಬಿಟ್ಟು, ಜೀವಂತ ಗೊಂಚಲುಗಳಲ್ಲಿ ರಕ್ತ ಹರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಕಪ್ಪೆಯ ಮೂತ್ರಪಿಂಡ ತೆಳು, ನೋಡುವುದಕ್ಕೆ ಅನುಕೂಲ. 1921ರಲ್ಲಿ ಅವನ ಜೊತೆ ಸೇರಿದ ತರುಣ ವೈದ್ಯ ಜೋಸೆಫ್ ವೆರ್ನ್, ಕಾಯಿಸಿ ಎಳೆದು ಕೂದಲಿಗಿಂತ ತೆಳ್ಳಗೆ ಮಾಡಿದ ಪಿಪೆಟ್ಟಿನ ತುದಿಯನ್ನು ಬಟ್ಟಲಿನೊಳಕ್ಕೆ ಚುಚ್ಚಿದ. ಪಾದರಸದ ಬುಡ್ಡಿಯೊಂದನ್ನು ಮೇಲೆ ಕೆಳಗೆ ಮಾಡಿ ಒತ್ತಡ ಹೊಂದಿಸುತ್ತ, ತಾಸುಗಟ್ಟಲೆ ಕೂತು, ಒಂದು ಹನಿಗಿಂತ ಎಷ್ಟೋ ಕಡಿಮೆ ದ್ರವವನ್ನು ಸಂಗ್ರಹಿಸಬೇಕು. ಅಷ್ಟು ಅಲ್ಪ ದ್ರವದಲ್ಲಿ ಸಕ್ಕರೆಯನ್ನೂ ಕ್ಲೋರೈಡನ್ನೂ ಪತ್ತೆಹಚ್ಚುವ ರಾಸಾಯನಿಕ ವಿಧಾನಗಳನ್ನು ತಾವೇ ರೂಪಿಸಿಕೊಳ್ಳಬೇಕು.

1924ರಲ್ಲಿ ಪ್ರಕಟವಾದ ಅವರ ಫಲಿತಾಂಶವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಬಟ್ಟಲಿನ ದ್ರವದಲ್ಲಿ ಪ್ರೋಟೀನು ಇರಲಿಲ್ಲ. ಸಕ್ಕರೆ ಇತ್ತು, ಕ್ಲೋರೈಡ್ ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿ ಅದೇ ಹೊತ್ತಿಗೆ ಕೂಡಿದ್ದ ಮೂತ್ರದಲ್ಲಿ ಸಕ್ಕರೆಯಿಲ್ಲ, ಕ್ಲೋರೈಡ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಗೊಂಚಲು ಸೋಸುತ್ತದೆ ಎಂಬುದೂ, ಸೋಸಿ ಬಂದ ಸಕ್ಕರೆಯನ್ನೂ ಉಪ್ಪನ್ನೂ ನಾಳ ದಾರಿಯಲ್ಲಿ ಹಿಂದಕ್ಕೆ ಪಡೆಯುತ್ತದೆ ಎಂಬುದೂ ಒಂದೇ ಏಟಿಗೆ ಸಾಬೀತಾದವು. ಲುಡ್‌ವಿಗ್ ತೀರಿಕೊಂಡು ಆಗ 29 ವರ್ಷ ಕಳೆದಿತ್ತು.

ಹಾಗಾದರೆ ಹೈಡೆನ್‌ಹೈನ್‌ನ ನೀಲಿ ಬಣ್ಣ? ಫಿಲಡೆಲ್ಫಿಯಾದಿಂದ ದೂರವೇನೂ ಇಲ್ಲದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಇ. ಕೆ. ಮಾರ್ಷಲ್ ಅದಕ್ಕೆ ಉತ್ತರ ಹುಡುಕುತ್ತಿದ್ದ. 1923ರಲ್ಲಿ ಅವನು ವಿಕರ್ಸ್ ಎಂಬ ಸಹೋದ್ಯೋಗಿಯ ಜೊತೆ ನಾಯಿಗಳಿಗೆ ಫಿನಾಲ್ ರೆಡ್ ಎಂಬ ಕೆಂಪು ಬಣ್ಣ ಕೊಟ್ಟು ನೋಡಿದ. ಆ ಬಣ್ಣದ ಬಹುಭಾಗ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡದ್ದು ಸೋಸಿ ಬರಲಾರದು. ಆದರೂ ಮೂತ್ರಕ್ಕೆ ಬಂದ ಬಣ್ಣ ಸೋಸುವಿಕೆಯಿಂದ ಬರಬಹುದಾದ್ದಕ್ಕಿಂತ ತುಂಬ ಹೆಚ್ಚು. ಕುಶ್ನಿಯ ಪಕ್ಷದವರು ಒಪ್ಪಲಿಲ್ಲ. ಸೋಸಿದ ದ್ರವದ ಪ್ರಮಾಣ ನೀವು ಊಹಿಸಿದ್ದಕ್ಕಿಂತ ಹೆಚ್ಚಿರಬಹುದಲ್ಲ ಎಂದರು. ನ್ಯಾಯವಾದ ಪ್ರಶ್ನೆಯೇ.

ಮಾರ್ಷಲ್ ಈ ಪ್ರಶ್ನೆಯ ಬಾಯಿ ಮುಚ್ಚಿಸಿದ್ದು ಮೀನುಗಳಿಂದ. ಗೊಂಚಲೇ ಇಲ್ಲದ ಮೂತ್ರಪಿಂಡದ ಮೀನುಗಳು ಸಮುದ್ರದಲ್ಲಿವೆ ಎಂದು ಅಂಗರಚನಾಶಾಸ್ತ್ರಜ್ಞರು ಮೊದಲೇ ಬರೆದಿಟ್ಟಿದ್ದರು. ಅಗಲ ಬಾಯಿಯ, ತಲೆಯೇ ಅರ್ಧ ಮೈಯಾದ ಗೂಸ್‌ಫಿಶ್ ಅಂಥದ್ದೊಂದು, ಟೋಡ್‌ಫಿಶ್ ಇನ್ನೊಂದು. ಅಮೆರಿಕದ ಮೇನ್ ರಾಜ್ಯದ ಮೌಂಟ್ ಡೆಸರ್ಟ್ ದ್ವೀಪದಲ್ಲಿ ಸಾಲ್ಸ್‌ಬರಿ ಕೋವ್ ಎಂಬ ಊರಿದೆ. ಅಲ್ಲಿನ ಕಡಲತೀರದ ಪ್ರಯೋಗಶಾಲೆಯಲ್ಲಿ ಬೇಸಿಗೆಗಳನ್ನು ಕಳೆಯುತ್ತಿದ್ದ ಮಾರ್ಷಲ್ ಈ ಮೀನುಗಳಿಗೆ ಫಿನಾಲ್ ರೆಡ್ ಕೊಟ್ಟ. ಗೊಂಚಲಿಲ್ಲ, ಆದ್ದರಿಂದ ಸೋಸುವಿಕೆಯ ಮಾತೇ ಇಲ್ಲ. ಆದರೂ ಮೀನಿನ ಮೂತ್ರದಲ್ಲಿ ರಕ್ತದಲ್ಲಿರುವುದಕ್ಕಿಂತ ಗಾಢವಾಗಿ ಬಣ್ಣ ಬಂತು. ಕ್ರಿಯಾಟಿನಿನ್, ಮೆಗ್ನೀಸಿಯಂಗಳೂ ಬಂದವು. ನಾಳದ ಜೀವಕೋಶ ಸ್ರವಿಸುತ್ತದೆ ಎಂಬುದಕ್ಕೆ ಇನ್ನು ತಕರಾರಿರಲಿಲ್ಲ. 1926ರಿಂದ 1930ರ ನಡುವೆ ಈ ಕೆಲಸ ಮುಗಿಯುವಷ್ಟರಲ್ಲಿ ಕುಶ್ನಿ ತೀರಿಕೊಂಡಿದ್ದ. ರಿಚರ್ಡ್ಸ್ ಮುಂದೆ ಸ್ರವಿಕೆಯನ್ನು ಒಪ್ಪಿಕೊಂಡ. ಸೋಸುವುದು, ಮರುಹೀರುವುದು, ಸ್ರವಿಸುವುದು: ಇಂದು ನಮ್ಮ ಪಿಯುಸಿ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುವ ಮೂರು ಪದಗಳು ಒಟ್ಟಿಗೆ ಸೇರಿದ್ದು ಆಗಲೇ.

ಆ ಮೀನಿನಿಂದ ಇನ್ನೊಂದು ಉಪಕಾರವಾಯಿತು. ಎಷ್ಟು ಸೋಸುತ್ತದೆ ಎಂದು ಅಳೆಯಬೇಕಾದರೆ ಸೋಸಿ ಬರುವ, ಆದರೆ ನಾಳ ಮರುಹೀರದ, ಸ್ರವಿಸದ ಒಂದು ಪದಾರ್ಥ ಬೇಕು. ಆಗ ಮೂತ್ರದಲ್ಲಿ ನಿಮಿಷಕ್ಕೆ ಬಂದ ಪ್ರಮಾಣವನ್ನು ರಕ್ತದಲ್ಲಿರುವ ಸಾಂದ್ರತೆಯಿಂದ ಭಾಗಿಸಿದರೆ ಸೋಸಿದ ದ್ರವದ ಅಳತೆ ಸಿಗುತ್ತದೆ. ಕೋಪನ್‌ಹೇಗನ್ನಿನ ಪೌಲ್ ಬ್ರಾಂಟ್ ರೇಬರ್ಗ್ 1926ರಲ್ಲಿ ತಾನೇ ಕ್ರಿಯಾಟಿನಿನ್ ಸೇವಿಸಿ, ತನ್ನ ಮೂತ್ರವನ್ನೇ ಅಳೆದು, ನಿಮಿಷಕ್ಕೆ ನೂರು ಮಿಲಿಲೀಟರಿಗೂ ಮೀರಿ ಸೋಸುತ್ತದೆ ಎಂದು ಹೇಳಿದ್ದ. ಆದರೆ ಮಾರ್ಷಲ್‌ನ ಮೀನು ಕ್ರಿಯಾಟಿನಿನ್ನನ್ನು ಸ್ರವಿಸುತ್ತಿತ್ತು, ಅಂದರೆ ಅದು ಪೂರಾ ನಂಬುವ ಅಳತೆಗೋಲಲ್ಲ. ಗೊಂಚಲಿಲ್ಲದ ಮೀನಿನ ಮೂತ್ರಕ್ಕೆ ಎಂದೂ ಬಾರದ ಪದಾರ್ಥವೇ ಸರಿಯಾದ ಅಳತೆಗೋಲು. ಅದು ಸಿಕ್ಕಿದ್ದು ಡೇಲಿಯಾ ಗಿಡದ ಗೆಡ್ಡೆಯಲ್ಲಿ: ಇನುಲಿನ್ ಎಂಬ ಪಿಷ್ಟದಂಥ ಸಕ್ಕರೆ.

1930ರ ದಶಕದ ನಡುವೆ ಫಿಲಡೆಲ್ಫಿಯಾದಲ್ಲಿ ರಿಚರ್ಡ್ಸ್ ತಂಡ ನಾಯಿಗಳಲ್ಲಿ, ನ್ಯೂಯಾರ್ಕಿನಲ್ಲಿ ಹೋಮರ್ ಸ್ಮಿತ್ ಮತ್ತು ಜೇಮ್ಸ್ ಶ್ಯಾನನ್ ಮನುಷ್ಯರಲ್ಲಿ ಇನುಲಿನ್ ಬಳಸಿ ಅಳೆದರು. ಆರೋಗ್ಯವಂತ ಮನುಷ್ಯನಲ್ಲಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್. ದಿನಕ್ಕೆ 180 ಲೀಟರ್. ಹೈಡೆನ್‌ಹೈನ್ ನಂಬಲಾಗದ್ದೆಂದು ತಳ್ಳಿದ ಸಂಖ್ಯೆಯ ಎರಡೂವರೆ ಪಟ್ಟು! ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ, ಸೋಸಿದ ಯೂರಿಯಾದಲ್ಲೂ ಅರ್ಧದಷ್ಟನ್ನು ನಾಳ ಹಿಂದಕ್ಕೆ ಹೀರುತ್ತದೆ ಎಂಬುದು. ಮೈಯಲ್ಲಿರುವ ಮೂರು ಲೀಟರ್ ಪ್ಲಾಸ್ಮಾ ದಿನಕ್ಕೆ ಅರವತ್ತು ಬಾರಿ ಸೋಸಿ ಹೋಗುತ್ತದೆ. ಅದರೊಂದಿಗೆ ಸುಮಾರು ಒಂದೂವರೆ ಕಿಲೋ ಅಡುಗೆ ಉಪ್ಪು, 180 ಗ್ರಾಂ ಸಕ್ಕರೆ. ಎರಡು ಮೂತ್ರಪಿಂಡಗಳ ಇಪ್ಪತ್ತು ಲಕ್ಷದಷ್ಟು ಸೂಕ್ಷ್ಮನಾಳಗಳು ಈ ನೀರಿನಲ್ಲಿ ನೂರಕ್ಕೆ 99 ಪಾಲನ್ನು, ಸಕ್ಕರೆಯನ್ನು ಬಹುಮಟ್ಟಿಗೆ ಪೂರಾ, ಉಪ್ಪಿನಲ್ಲಿ ಕೆಲವೇ ಗ್ರಾಂ ಬಿಟ್ಟು ಉಳಿದದ್ದೆಲ್ಲವನ್ನು ದಿನ ದಿನವೂ ಹಿಂದಕ್ಕೆ ತರುತ್ತವೆ. ಮೂರನೇ ಎರಡು ಪಾಲು ಕೆಲಸ ನಾಳದ ಮೊದಲ ಭಾಗದಲ್ಲೇ ಮುಗಿಯುತ್ತದೆ ಎಂದು 1941ರಲ್ಲಿ ರಿಚರ್ಡ್ಸ್ ಬಳಗದ ಆರ್ಥರ್ ವಾಕರ್, ಫಿಲಿಸ್ ಬಾಟ್ ಮತ್ತು ಸಂಗಡಿಗರು ಇಲಿ, ಗಿನಿ ಹಂದಿಗಳ ನಾಳಕ್ಕೆ ಪಿಪೆಟ್ಟು ಚುಚ್ಚಿ ತೋರಿಸಿದರು.

ಅದೇ 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಪೆನಿಸಿಲಿನ್ ಚುಚ್ಚಿದರು. ಕೀವು ತುಂಬಿ ಸಾಯುವ ಸ್ಥಿತಿಯಲ್ಲಿದ್ದವನು ಚೇತರಿಸಿಕೊಳ್ಳತೊಡಗಿದ. ಕೊಟ್ಟ ಔಷಧ ಕೆಲವೇ ತಾಸುಗಳಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತಿತ್ತು. ಅವನ ಮೂತ್ರವನ್ನು ಸೈಕಲ್ಲಿನ ಮೇಲೆ ಪ್ರಯೋಗಶಾಲೆಗೆ ಒಯ್ದು, ಅದರಿಂದ ಪೆನಿಸಿಲಿನ್ ಮತ್ತೆ ತೆಗೆದು ಅವನಿಗೇ ಚುಚ್ಚಿದರು. ದಾಸ್ತಾನು ಮುಗಿಯಿತು. ಮಾರ್ಚ್ 15ರಂದು ಅವನು ತೀರಿಕೊಂಡ. ಅಷ್ಟು ಬೇಗ ಔಷಧವನ್ನು ಹೊರದೂಡುತ್ತಿದ್ದದ್ದು ನಾಳದ ಸ್ರವಿಕೆ, ಹೈಡೆನ್‌ಹೈನ್ ನೀಲಿಯಲ್ಲಿ, ಮಾರ್ಷಲ್ ಕೆಂಪಿನಲ್ಲಿ ಕಂಡ ಅದೇ ಕೆಲಸ. ಆ ಬೇಸಿಗೆಯಲ್ಲಿ ಹವರ್ಡ್ ಫ್ಲೋರಿ ಪೆನಿಸಿಲಿನ್ ತಯಾರಿಕೆಗೆ ನೆರವು ಕೇಳಿಕೊಂಡು ಅಮೆರಿಕಕ್ಕೆ ಬಂದಾಗ ಯುದ್ಧಕಾಲದ ವೈದ್ಯಕೀಯ ಸಂಶೋಧನಾ ಸಮಿತಿಯ ಮುಖ್ಯಸ್ಥನಾಗಿದ್ದವನು ಬೇರೆ ಯಾರೂ ಅಲ್ಲ, ಕಪ್ಪೆಯ ಬಟ್ಟಲು ಚುಚ್ಚಿಸಿದ ರಿಚರ್ಡ್ಸ್. ಫ್ಲೋರಿ 1920ರ ದಶಕದಲ್ಲಿ ಅವನ ಪ್ರಯೋಗಶಾಲೆಯಲ್ಲೇ ಕೆಲಸ ಮಾಡಿದ್ದವನು. ಹಳೆಯ ಪರಿಚಯ ಫಲಿಸಿತು. ಅಮೆರಿಕದ ಕಂಪನಿಗಳು ಪೆನಿಸಿಲಿನ್ ತಯಾರಿಕೆಗೆ ಇಳಿದವು.

ನಾಳದ ಸ್ರವಿಕೆಯನ್ನು ತಡೆದರೆ ಪೆನಿಸಿಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದಲ್ಲ ಎಂಬ ಯೋಚನೆಯಿಂದ ಔಷಧ ಕಂಪನಿಯೊಂದರ ಕಾರ್ಲ್ ಬೇಯರ್ ತಂಡ ಪ್ರೊಬೆನೆಸಿಡ್ ಎಂಬ ಔಷಧ ತಂದಿತು. ಅದೇ ತಂಡ ನಾಳದ ಉಪ್ಪಿನ ಮರುಹೀರಿಕೆಯನ್ನು ತಡೆಯುವ ದಾರಿ ಹುಡುಕುತ್ತ 1950ರ ದಶಕದ ಕೊನೆಗೆ ಕ್ಲೋರೋಥಯಜೈಡ್ ಕಂಡುಹಿಡಿಯಿತು. ರಕ್ತದೊತ್ತಡಕ್ಕೆ ಇಂದಿಗೂ ಬರೆಯುವ ಥಯಜೈಡ್ ಗುಳಿಗೆಗಳ ಮೂಲ ಅದು.

ಇಷ್ಟಾದರೂ ಲುಡ್‌ವಿಗ್‌ನ ಹಳೆಯ ತೂತು ಹಾಗೆಯೇ ಉಳಿದಿತ್ತು. ನಾಳದ ಮೊದಲ ಭಾಗದ ದ್ರವ ರಕ್ತದಷ್ಟೇ ಸಾಂದ್ರ. ಕೊನೆಗೆ ಬರುವ ಮೂತ್ರ ಮಾತ್ರ ರಕ್ತದ ನಾಲ್ಕು ಪಟ್ಟು ಸಾಂದ್ರವಾಗಬಲ್ಲದು. ನಡುವೆ ಏನಾಗುತ್ತದೆ? ನಾಳದ ಕೊನೆಯ ಕೋಶಗಳು ನೀರನ್ನೇ ಹಿಡಿದು ಪಂಪು ಮಾಡುತ್ತವೆ ಎಂದು ಹಲವರ ಎಣಿಕೆ. 1862ರಲ್ಲೇ ಯಾಕೊಬ್ ಹೆನ್ಲೆ ಎಂಬ ಅಂಗರಚನಾಶಾಸ್ತ್ರಜ್ಞ, ನಾಳ ನಡುವಿನಲ್ಲಿ ಮೂತ್ರಪಿಂಡದ ಆಳಕ್ಕೆ ಇಳಿದು, ಹೇರ್‌ಪಿನ್ನಿನ ಹಾಗೆ ತಿರುಗಿ ಮೇಲೆ ಬರುವುದನ್ನು ತೋರಿಸಿದ್ದ. ಆ ಕುಣಿಕೆ ಏಕಿದೆ ಎಂದು ಯಾರೂ ತೃಪ್ತಿಯಾಗಿ ಹೇಳಿರಲಿಲ್ಲ.

ಉತ್ತರ ವೈದ್ಯರಿಂದ ಬರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ವರ್ನರ್ ಕೂನ್ ಭೌತರಸಾಯನಶಾಸ್ತ್ರಜ್ಞ. ಪಕ್ಕಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ಹರಿಯುವ ಎರಡು ಧಾರೆಗಳ ನಡುವೆ ಸಣ್ಣ ವ್ಯತ್ಯಾಸವೊಂದನ್ನು ಉಂಟುಮಾಡಿದರೆ ಉದ್ದಕ್ಕೂ ಅದು ಕೂಡಿಕೊಂಡು ತಿರುವಿನಲ್ಲಿ ಭಾರಿ ವ್ಯತ್ಯಾಸವಾಗುತ್ತದೆ ಎಂಬುದು ಅವನಿಗೆ ತಿಳಿದ ತತ್ವ. ಹೆನ್ಲೆಯ ಕುಣಿಕೆ ಇದನ್ನೇ ಮಾಡುತ್ತಿರಬೇಕು ಎಂದು ಅವನೂ ರಿಫೆಲ್ ಎಂಬ ಜೊತೆಗಾರನೂ 1942ರಲ್ಲಿ ಬರೆದರು. ಯುದ್ಧದ ನಡುವೆ ಜರ್ಮನ್ ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು ಇಂಗ್ಲಿಷ್ ಬಲ್ಲ ಜಗತ್ತು ಗಮನಿಸಲಿಲ್ಲ.

ಇಂದು ನಾವು ತಿಳಿದಿರುವ ರೂಪದಲ್ಲಿ ಈ ತತ್ವ ಹೀಗಿದೆ. ಕುಣಿಕೆಯ ಮೇಲೇರುವ ಕಾಲು ಉಪ್ಪನ್ನು ಹೊರಕ್ಕೆ ತಳ್ಳುತ್ತದೆ, ನೀರನ್ನು ಬಿಡುವುದಿಲ್ಲ. ಸುತ್ತಲ ಅಂಗಾಂಶ ಉಪ್ಪಾಗುತ್ತದೆ. ಪಕ್ಕದ ಇಳಿಯುವ ಕಾಲು ಆ ಉಪ್ಪಿಗೆ ತನ್ನ ನೀರನ್ನು ಕಳೆದುಕೊಳ್ಳುತ್ತ, ಗಾಢವಾದ ದ್ರವವನ್ನು ತಿರುವಿಗೆ ತಂದುಕೊಡುತ್ತದೆ. ಅದು ಮತ್ತೆ ಮೇಲೇರುವಾಗ ತಳ್ಳಲು ಇನ್ನಷ್ಟು ಉಪ್ಪು ಸಿಗುತ್ತದೆ. ಹೀಗೆ ಆಳಕ್ಕೆ ಹೋದಷ್ಟೂ ಉಪ್ಪು ಏರುತ್ತದೆ. ಕೊನೆಯ ಸಂಗ್ರಾಹಕ ನಾಳ ಈ ಉಪ್ಪಿನ ನಡುವೆಯೇ ಕೆಳಗಿಳಿಯಬೇಕು. ದೇಹಕ್ಕೆ ನೀರು ಕಡಿಮೆಯಾದಾಗ ಮಿದುಳಿನ ಬುಡದಿಂದ ಬರುವ ವಾಸೊಪ್ರೆಸಿನ್ ಹಾರ್ಮೋನು ಆ ನಾಳದ ಗೋಡೆಯನ್ನು ನೀರಿಗೆ ತೆರೆಯುತ್ತದೆ. ನೀರು ತಾನಾಗಿ ಹೊರಗಿನ ಉಪ್ಪಿನ ಕಡೆಗೆ ಹರಿಯುತ್ತದೆ. ನೀರನ್ನು ಪಂಪು ಮಾಡುವ ಅಗತ್ಯವೇ ಇಲ್ಲ. ನೀರು ತನ್ನಷ್ಟಕ್ಕೆ ಹರಿಯುತ್ತದೆ ಎಂದ ಲುಡ್‌ವಿಗ್‌ನೂ, ಕೋಶಗಳು ದುಡಿಯುತ್ತವೆ ಎಂದ ಹೈಡೆನ್‌ಹೈನ್‌ನೂ ಇಲ್ಲಿ ಒಟ್ಟಿಗೆ ಗೆದ್ದರು.

ಸಾಕ್ಷಿ ಒದಗಿಸಿದವನು ಬಾಸೆಲ್‌ನವನೇ ಆದ ಶರೀರಶಾಸ್ತ್ರಜ್ಞ ಹೈನ್ರಿಖ್ ವಿರ್ತ್ಸ್. 1951ರಲ್ಲಿ ಅವನು, ಕೂನ್ ಮತ್ತು ಹಾರ್ಗಿಟಾಯ್ ಇಲಿಯ ಮೂತ್ರಪಿಂಡವನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಮಂಜು ಕರಗುವುದನ್ನು ನೋಡುತ್ತ ಕೂತರು. ಸಾಂದ್ರ ದ್ರವದ ಮಂಜು ಕಡಿಮೆ ಶಾಖಕ್ಕೇ ಕರಗುತ್ತದೆ. ಹೊರಪದರದಲ್ಲಿ ಸಾಂದ್ರತೆ ರಕ್ತದಷ್ಟೇ. ಒಳಗೆ ಹೋದಂತೆ ಏರುತ್ತಲೇ ಹೋಗಿ, ತುದಿಯಲ್ಲಿ ಅತಿ ಹೆಚ್ಚು. ಕೊನೆಯ ಕೋಶಗಳು ನೀರು ಪಂಪು ಮಾಡುವುದೇ ನಿಜವಾಗಿದ್ದರೆ ಸಂಗ್ರಾಹಕ ನಾಳದಲ್ಲಿ ಮಾತ್ರ ದ್ರವ ಸಾಂದ್ರವಾಗಬೇಕಿತ್ತು. ಇಲ್ಲಿ ಒಂದೊಂದು ಮಟ್ಟದಲ್ಲಿ ಎಲ್ಲ ನಾಳಗಳೂ, ಕುಣಿಕೆಗಳೂ ಸೇರಿ, ಒಂದೇ ಸಮನೆ ಸಾಂದ್ರವಾಗಿದ್ದವು.

ಅಮೆರಿಕದಲ್ಲಿ ಇದನ್ನು ಬೇಗ ನಂಬಲಿಲ್ಲ. ಮೂತ್ರಪಿಂಡದ ವಿಷಯದಲ್ಲಿ ಕೊನೆಯ ಮಾತೆನಿಸಿದ್ದ ಹೋಮರ್ ಸ್ಮಿತ್ ಒಪ್ಪಿರಲಿಲ್ಲ. ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಕಾರ್ಲ್ ಗಾಟ್‌ಶಾಲ್ಕ್ ಮತ್ತು ಮಾರ್ಗರೆಟ್ ಮಿಲ್, ಹ್ಯಾಮ್‌ಸ್ಟರ್, ಕಾಂಗರೂ ಇಲಿಗಳ ಮೂತ್ರಪಿಂಡದ ತುದಿಗೆ ಪಿಪೆಟ್ಟು ಚುಚ್ಚಿದರು. ಕುಣಿಕೆಯ ತಿರುವಿನ ದ್ರವ ಪಕ್ಕದ ಸಂಗ್ರಾಹಕ ನಾಳದಷ್ಟೇ ಸಾಂದ್ರ. ಕುಣಿಕೆ ದಾಟಿ ಮೇಲೆ ಬಂದ ದ್ರವ ರಕ್ತಕ್ಕಿಂತಲೂ ತೆಳು. ಕೂನ್ ಹೇಳಿದ್ದು ಹಾಗೆಯೇ ನಿಂತಿತು. 1959ರಲ್ಲಿ ಅವರ ವಿಸ್ತೃತ ಪ್ರಬಂಧ ಬಂತು. ಅದೇ ವರ್ಷ ಸ್ಮಿತ್ ತನ್ನ ಹಳೆಯ ನಿಲುವು ಬಿಟ್ಟು ಹೊಸದನ್ನು ಒಪ್ಪಿ ಬರೆದ. ಅರವತ್ತು ದಾಟಿದ ಮೇಲೆ, ತಾನೇ ಕಟ್ಟಿದ ಶಾಸ್ತ್ರದ ಒಂದು ಭಾಗವನ್ನು ತಾನೇ ಕೆಡವಿ ಬರೆಯುವುದಕ್ಕೆ ದೊಡ್ಡ ಮನಸ್ಸು ಬೇಕು.

ಸ್ವೀಡನ್ನಿನ ಇವಾರ್ ಸ್ಪೆರ್ಬರ್ 1944ರಲ್ಲಿ ಗಮನಿಸಿದ್ದ ಸಂಗತಿಗೂ ಈಗ ಅರ್ಥ ಬಂತು. ಮರುಭೂಮಿಯ ಪ್ರಾಣಿಗಳಲ್ಲಿ ಮೂತ್ರಪಿಂಡದ ಒಳಭಾಗ ಆಳವಾಗಿ, ಕುಣಿಕೆಗಳು ಉದ್ದವಾಗಿರುತ್ತವೆ. ನೀರಿನಲ್ಲೇ ಬದುಕುವ ಬೀವರ್‌ನಲ್ಲಿ ಗಿಡ್ಡ. ನೀರನ್ನೇ ಕುಡಿಯದೆ ಒಣ ಕಾಳು ತಿಂದು ಬದುಕುವ ಕಾಂಗರೂ ಇಲಿಯ ಗುಟ್ಟು ಅದರ ಕುಣಿಕೆಯ ಉದ್ದದಲ್ಲಿತ್ತು.

ಮುಂದಿನದನ್ನು ಬೇಗ ಹೇಳಬಹುದು. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಸೋಡಿಯಂ ಪಂಪನ್ನು ಕಂಡುಹಿಡಿದಾಗ ಕೋಶದ ದುಡಿಮೆಗೆ ಒಂದು ಅಣುವಿನ ಹೆಸರು ಸಿಕ್ಕಿತು. 1966ರಲ್ಲಿ ಮಾರಿಸ್ ಬರ್ಗ್ ಮತ್ತು ಸಂಗಡಿಗರು ಮೊಲದ ಒಂದೇ ಒಂದು ನಾಳವನ್ನು ಬಿಡಿಸಿ ತೆಗೆದು, ಅದರೊಳಗೆ ದ್ರವ ಹರಿಸಿ ನೋಡುವ ವಿಧಾನ ಸಾಧಿಸಿದರು. ಮೇಲೇರುವ ಕಾಲಿನ ದಪ್ಪ ಭಾಗ ಉಪ್ಪನ್ನು ತಳ್ಳುವುದೂ, ಹೃದಯ ಸೋತು ಕಾಲು ಊದಿಕೊಂಡವರಿಗೆ ಕೊಡುವ ಫ್ಯುರೋಸೆಮೈಡ್ ತಡೆಯುವುದು ಅದನ್ನೇ ಎಂಬುದೂ ಹಾಗೆ ಖಚಿತವಾಯಿತು. ವಾಸೊಪ್ರೆಸಿನ್ ತೆರೆಯುವ ಬಾಗಿಲು ಯಾವುದು ಎಂಬ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು ಮಾರ್ಷಲ್ ದುಡಿದ ಜಾನ್ಸ್ ಹಾಪ್ಕಿನ್ಸ್‌ನಿಂದಲೇ. ಪೀಟರ್ ಆಗ್ರೆ ಅವರು ಕೆಂಪು ರಕ್ತಕಣಗಳಲ್ಲಿ ಬೇರೇನನ್ನೋ ಹುಡುಕುವಾಗ ಸಿಕ್ಕ ಪ್ರೋಟೀನೊಂದನ್ನು 1992ರಲ್ಲಿ ಕಪ್ಪೆಯ ಮೊಟ್ಟೆಯಲ್ಲಿ ತಯಾರಾಗುವಂತೆ ಮಾಡಿದರು. ತೆಳು ನೀರಿಗೆ ಬಿಟ್ಟೊಡನೆ ಮೊಟ್ಟೆ ಉಬ್ಬಿ ಒಡೆಯಿತು. ನೀರಿನ ಕಾಲುವೆಯಾದ ಆ ಪ್ರೋಟೀನಿಗೆ ಅಕ್ವಾಪೊರಿನ್ ಎಂದು ಹೆಸರಾಯಿತು. ಸಂಗ್ರಾಹಕ ನಾಳದಲ್ಲಿ ವಾಸೊಪ್ರೆಸಿನ್ ತೆರೆಯುವುದು ಅದರ ದಾಯಾದಿ ಅಕ್ವಾಪೊರಿನ್-2. 2003ರಲ್ಲಿ ಆಗ್ರೆ ಅವರಿಗೆ ನೊಬೆಲ್ ಬಂತು. ಎಲ್ಲ ಮುಗಿಯಿತೆಂದಲ್ಲ. ಕುಣಿಕೆಯ ಅತಿ ಆಳದ ತೆಳು ಭಾಗ ಪಂಪಿನ ಬಲವಿಲ್ಲದೆ ಅಷ್ಟು ಸಾಂದ್ರತೆ ಹೇಗೆ ಸಾಧಿಸುತ್ತದೆ ಎಂಬ ಬಗ್ಗೆ 1972ರಿಂದ ಮಂಡನೆಯಾದ ಮಾದರಿಗಳು ಇಂದಿಗೂ ಎಲ್ಲರನ್ನೂ ಒಪ್ಪಿಸಿಲ್ಲ.

ಸಕ್ಕರೆಯ ಮರುಹೀರಿಕೆಯ ಕಥೆ ನಮ್ಮ ಮನೆಬಾಗಿಲಿಗೇ ಬಂದಿದೆ. ಸೇಬಿನ ಮರದ ಬೇರಿನ ತೊಗಟೆಯಿಂದ 1835ರಲ್ಲಿ ಫ್ಲೋರಿಜಿನ್ ಎಂಬ ಕಹಿ ಪದಾರ್ಥ ತೆಗೆದಿದ್ದರು. 1886ರಲ್ಲಿ ಯೋಸೆಫ್ ಫಾನ್ ಮೆರಿಂಗ್ ಅದನ್ನು ನಾಯಿಗೆ ಕೊಟ್ಟಾಗ ಮೂತ್ರದಲ್ಲಿ ಸಕ್ಕರೆ ಹರಿಯಿತು. ಅದು ನಾಳದ ಸಕ್ಕರೆಯ ಮರುಹೀರಿಕೆಯನ್ನು ತಡೆಯುತ್ತದೆ. ಸ್ಮಿತ್ ಬಳಗ 1933ರಲ್ಲಿ ಮನುಷ್ಯರಲ್ಲೂ ಅದನ್ನು ಬಳಸಿ ನೋಡಿತ್ತು. ಆ ಅಣುವನ್ನು ತಿದ್ದಿ ತೀಡಿ ಮಾಡಿದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ಮಧುಮೇಹಕ್ಕೆಂದು 2010ರ ದಶಕದಲ್ಲಿ ಬಂದವು. 2019 ಮತ್ತು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳಲ್ಲಿ ಡಾಪಾಗ್ಲಿಫ್ಲೋಜಿನ್ ಸೋಲುತ್ತಿರುವ ಹೃದಯವನ್ನೂ ಮೂತ್ರಪಿಂಡವನ್ನೂ, ಮಧುಮೇಹ ಇಲ್ಲದವರಲ್ಲಿ ಸಹ, ಕಾಪಾಡಿತು. ಭಾರತದಲ್ಲಿ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2025ರ ಮಾರ್ಚಿನಲ್ಲಿ ಮುಗಿದ ಮೇಲೆ ಹಲವು ಕಂಪನಿಗಳ ಅಗ್ಗದ ಗುಳಿಗೆಗಳು ನಮ್ಮ ಮೆಡಿಕಲ್ ಶಾಪುಗಳಿಗೆ ಬಂದಿವೆ.

ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್ನಿನ ಕೆಳಗೆ ಇಜಿಎಫ್‌ಆರ್ ಎಂಬ ಸಾಲು ಇರುತ್ತದೆ. ರೇಬರ್ಗ್, ಸ್ಮಿತ್, ಶ್ಯಾನನ್ ಅಳೆದ ಅದೇ ನಿಮಿಷದ ಸೋಸುವಿಕೆಯ ಅಂದಾಜು ಅದು. ಕ್ರಿಯಾಟಿನಿನ್ನಿನ ಸ್ವಲ್ಪ ಪಾಲನ್ನು ನಾಳ ಸ್ರವಿಸುವುದರಿಂದ, ರೋಗದ ಮೊದಲ ದಿನಗಳಲ್ಲಿ ಈ ಅಳತೆ ನಿಜಕ್ಕಿಂತ ಚೆನ್ನಾಗಿಯೇ ಕಾಣಬಹುದು. ಸೋಸುವಿಕೆ ಅರ್ಧಕ್ಕೆ ಇಳಿದರೂ ಕ್ರಿಯಾಟಿನಿನ್ ಎಷ್ಟೋ ಸಲ ಮಾಮೂಲಿ ಮಟ್ಟದಲ್ಲೇ ಇರುತ್ತದೆ, ನೋವೂ ಇರುವುದಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಇಜಿಎಫ್‌ಆರ್ ಒಂದನ್ನೇ ನೆಚ್ಚಿ ಕೂರದೆ, ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಿಕೊಳ್ಳಿ.